ಹೆಸರಿನ ಕಳವು

ಗೃಹಸ್ಥನಾದವನು ರಾತ್ರಿ ಮಲಗುವ ಮುನ್ನ ಬೀದಿಯ ಬಾಗಿಲಿಗೆ ಅಗುಳಿ ಹಾಕಿ, ಹಿತ್ತಿಲ ಬಾಗಿಲನ್ನು ಒಮ್ಮೆ ತಳ್ಳಿ ನೋಡಿ, ಪೆಟ್ಟಿಗೆಯ ಬೀಗದ ಕೈಯನ್ನು ದಿಂಬಿನ ಕೆಳಗಿಟ್ಟುಕೊಂಡು ನಿಶ್ಚಿಂತನಾಗಿ ನಿದ್ರಿಸುವುದು ನಮ್ಮಲ್ಲಿ ಬಹುಕಾಲದಿಂದ ಬಂದ ವಾಡಿಕೆ. ಆದರೆ ಅಗುಳಿಗೂ ಬೀಗಕ್ಕೂ ಅಂಜದ ಕಳ್ಳನೊಬ್ಬನು ಈಗ ಹುಟ್ಟಿಕೊಂಡಿದ್ದಾನೆ. ಅವನು ನಮ್ಮ ಹೊಸ್ತಿಲನ್ನು ದಾಟುವುದಿಲ್ಲ. ಪಾತ್ರೆ ಪದಾರ್ಥಗಳನ್ನು ಮುಟ್ಟುವುದಿಲ್ಲ. ಅವನು ಒಯ್ಯುವುದು ನಮ್ಮ ಹೆಸರನ್ನು. ಒಯ್ದ ಮೇಲೂ ಹೆಸರು ನಮ್ಮಲ್ಲಿಯೇ ಇರುವಂತೆ ತೋರುವುದರಿಂದ, ಕಳವಾದ ಸಂಗತಿ ತಿಂಗಳುಗಟ್ಟಲೆ ನಮಗೆ ತಿಳಿಯುವುದೂ ಇಲ್ಲ. ನನ್ನ ಮನೆಯಲ್ಲಿಯೇ ಇಂಥ ಕಳವು ನಡೆದು, ಐದು ತಿಂಗಳ ಕಾಲ ನಾನು ಪಟ್ಟ ಕಷ್ಟದಿಂದ ಕಲಿತುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಕಪಟವಿದ್ಯೆ ಹೊಸದೆಂದು ತಿಳಿಯಬೇಕಾದುದಿಲ್ಲ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಕಥೆಯನ್ನು ಅನೇಕರು ಬಲ್ಲರು. ಕನ್ನಡದಲ್ಲಿ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಗದ್ಯಗ್ರಂಥವನ್ನು ರಚಿಸಿದುದೂ ಅದೇ ಕಥೆಯನ್ನು ಹಿಡಿದು. ನಂದರ ಮಂತ್ರಿಯಾದ ರಾಕ್ಷಸನು ತನ್ನ ಸಂಸಾರವನ್ನು ಮಿತ್ರನಾದ ಚಂದನದಾಸನ ಮನೆಯಲ್ಲಿ ಬಿಟ್ಟು ಊರು ತೊರೆದಿದ್ದನು. ಒಂದು ದಿನ ಬಾಗಿಲ ಬಳಿಗೆ ಓಡಿಬಂದ ಮಗುವನ್ನು ಒಳಕ್ಕೆಳೆದುಕೊಳ್ಳುವ ಗಡಿಬಿಡಿಯಲ್ಲಿ ತಾಯಿಯ ಬೆರಳಿನಿಂದ ರಾಕ್ಷಸನ ಮುದ್ರೆಯುಂಗುರವು ಜಾರಿ, ಚಾಣಕ್ಯನ ಗೂಢಚಾರನ ಕಾಲಬುಡಕ್ಕೆ ಉರುಳಿತು. ಅಷ್ಟೇ ಸಾಕಾಯಿತು. ಚಾಣಕ್ಯನು ಕಪಟಪತ್ರವೊಂದನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನೊತ್ತಿಸಿದನು. ರಾಕ್ಷಸನನ್ನು ನೆಚ್ಚಿದ್ದ ಮಲಯಕೇತುವು ಆ ಪತ್ರವನ್ನು ಕಂಡು ಅವನನ್ನೇ ದ್ರೋಹಿಯೆಂದು ಬಗೆದನು. ಪತ್ರ ರಾಕ್ಷಸನದಲ್ಲ, ಆದರೆ ಮುದ್ರೆ ಅವನದು. ಮುದ್ರೆಯನ್ನು ನೋಡಿ ಮಾತನ್ನು ನಂಬುವ ಲೋಕಕ್ಕೆ ಅದು ಯಾರ ಕೈಯಲ್ಲಿದ್ದಿತೆಂಬ ವಿಚಾರವೇ ಹೊಳೆಯಲಿಲ್ಲ.

ಮೂವತ್ತೈದು ವರ್ಷ ಪಾಠ ಹೇಳಿದ ನಾನು ಈ ಕಥೆಯನ್ನು ಎಷ್ಟು ಬಾರಿ ಹೇಳಿದೆನೋ ಲೆಕ್ಕವಿಲ್ಲ. ಆದರೂ ನನ್ನ ಬೆರಳಿನ ಉಂಗುರ ಜಾರಿದಾಗ ನನಗೆ ತಿಳಿಯಲಿಲ್ಲ.

ಈಗಿನ ಗೃಹಸ್ಥನ ಮುದ್ರೆಯುಂಗುರ ಯಾವುದು? ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ ಒಂದು. ಆದಾಯ ತೆರಿಗೆಯವರು ಕೊಡುವ ಪ್ಯಾನ್ ಎಂಬ ಹತ್ತು ಅಕ್ಷರಾಂಕಗಳ ಗುರುತು ಒಂದು. ಕೈಯಲ್ಲಿರುವ ಮೊಬೈಲ್ ಫೋನಿನ ಸಂಖ್ಯೆ ಒಂದು. ಹೆಬ್ಬೆರಳಿನ ಗುರುತು ಮತ್ತೊಂದು. ಆಧಾರ್ ಸಂಖ್ಯೆಯನ್ನು ಮೊದಲು ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ. ಈಗ ಪಡಿತರದ ಅಂಗಡಿಯಿಂದ ಬ್ಯಾಂಕಿನವರೆಗೆ ಅದಿಲ್ಲದೆ ಕೆಲಸ ಸಾಗುವುದು ದುರ್ಲಭ. ಇವುಗಳಿಂದ ಬಡವನಿಗೂ ಸೌಕರ್ಯವಾಗಿದೆಯೆಂಬುದು ನಿಜ. ಆದರೆ ರಾಕ್ಷಸನಿಗಿದ್ದುದು ಒಂದೇ ಉಂಗುರ. ನಾವಾದರೋ ನಮ್ಮ ಮುದ್ರೆಯ ಅಚ್ಚುಗಳನ್ನು ನಕಲು ತೆಗೆಯಿಸಿ, ಕೆಳಗೆ ಸಹಿಯನ್ನೂ ಹಾಕಿ, ಕೇಳಿದವರಿಗೆಲ್ಲ ಹಂಚುತ್ತಿದ್ದೇವೆ.

ನನಗೆ ಸಂಭವಿಸಿದುದು ಹೀಗೆ. ಮಳೆಗಾಲಕ್ಕೆ ಮುಂಚೆ ಮನೆಯ ಮಾಳಿಗೆಯನ್ನು ಸರಿಮಾಡಿಸಬೇಕೆಂದು, ನನ್ನ ನಿವೃತ್ತಿವೇತನ ಬರುವ ಬ್ಯಾಂಕಿನಲ್ಲಿ ಸಣ್ಣದೊಂದು ಸಾಲಕ್ಕೆ ಅರ್ಜಿಯನ್ನು ಹಾಕಿದೆನು. ನಾಲ್ಕು ದಿನಗಳಾದ ಮೇಲೆ ಅಲ್ಲಿಯ ಅಧಿಕಾರಿಯು ನನ್ನನ್ನು ಕೂರಿಸಿ, ದನಿ ತಗ್ಗಿಸಿ, “ಮೇಷ್ಟ್ರೇ, ತಾವು ತಪ್ಪು ತಿಳಿಯಬಾರದು. ತಮ್ಮ ಹೆಸರಿನಲ್ಲಿ ಆಗಲೇ ಎರಡು ಸಾಲಗಳಿವೆ. ಎಂಟು ತಿಂಗಳಿಂದ ಕಂತು ಕಟ್ಟಿಲ್ಲ” ಎಂದನು. ಜೀವಮಾನದಲ್ಲಿ ಯಾರಿಗೂ ಒಂದು ರೂಪಾಯಿ ಬಾಕಿ ನಿಲ್ಲಿಸದ ನನಗೆ ಕುಳಿತ ಕುರ್ಚಿಯೇ ಕುಸಿದಂತಾಯಿತು. ಒಂದು, ಕಂತಿನ ಮೇಲೆ ಕೊಂಡ ಬೆಲೆಬಾಳುವ ಮೊಬೈಲ್ ಫೋನು. ಇನ್ನೊಂದು, ಫೋನಿನ ಮೂಲಕವೇ ಕೊಡುವ ನಲವತ್ತು ಸಾವಿರ ರೂಪಾಯಿಗಳ ಕೈಸಾಲ. ಎರಡೂ ನಾನು ಕಾಲಿಡದ ಊರಿನ ವಿಳಾಸದಲ್ಲಿ.

ಮನೆಗೆ ಬಂದು ಯಾರೊಡನೆಯೂ ಆಡದೆ ಮೂರು ದಿನ ಕಳೆದೆನು. ಆ ಮೂರು ದಿನಗಳಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ನನ್ನ ತಮ್ಮನ ಮಗನು ನಮ್ಮ ಮನೆಯಲ್ಲಿಯೇ ಇದ್ದು ಓದುತ್ತಿದ್ದನು. ನನ್ನ ಫೋನಿನ ವಿಷಯವಾಗಿ ಏನು ತೊಡಕು ಬಂದರೂ ಬಿಡಿಸುತ್ತಿದ್ದವನು ಅವನೇ. ನನ್ನ ಕಾಗದಪತ್ರಗಳಿರುವ ಪೆಟ್ಟಿಗೆಯನ್ನು ಬಲ್ಲವನೂ ಅವನೇ. ಹೊಸ ಫೋನೊಂದು ಅವನ ಕೈಯಲ್ಲಿದ್ದುದನ್ನು ನೆನೆದು ನನ್ನ ಮನಸ್ಸು ಹೋಗಬಾರದ ಕಡೆಗೆ ಹೋಯಿತು. ಬಾಯಿಬಿಟ್ಟು ಕೇಳಲಿಲ್ಲ, ಕೇಳದೆಯೇ ಅವನೊಡನೆ ಮಾತು ನಿಲ್ಲಿಸಿದೆನು. ಊಟಕ್ಕೆ ಕುಳಿತಾಗ ಅವನು “ದೊಡ್ಡಪ್ಪ” ಎಂದು ಕರೆದರೆ ಓಗೊಡಲಿಲ್ಲ. ಹೆಸರಿನ ಕಳ್ಳನು ಹಣಕ್ಕಿಂತ ಮುಂಚೆ ಕದಿಯುವುದು ಮನೆಯವರ ಮೇಲಿನ ನಂಬಿಕೆಯನ್ನು ಎಂಬುದು ನನಗೆ ಆಮೇಲೆ ತಿಳಿಯಿತು. ಕೊನೆಗೆ ಮನೆಯಾಕೆ, “ಮಗುವಿನ ಮುಖ ನೋಡಿದರೆ ಅನ್ನ ಇಳಿಯುವುದಿಲ್ಲ. ಏನಿದೆಯೋ ಹೇಳಿಬಿಡಿ” ಎಂದು ಹಿಡಿದು ಕೇಳಿದಾಗಲೇ ವಿಷಯ ಹೊರಬಂದಿತು.

ಹುಡುಗನು ಬೇಸರಪಟ್ಟುಕೊಳ್ಳಲಿಲ್ಲ. ಕೂಡಲೇ ಕೇಂದ್ರ ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ತೆರೆದ ‘ಸಂಚಾರ ಸಾಥಿ’ ಎಂಬ ಜಾಲತಾಣಕ್ಕೆ ನನ್ನ ಫೋನಿನ ಸಂಖ್ಯೆಯನ್ನು ಕೊಟ್ಟು ನೋಡಿದನು. ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಖ್ಯೆಗಳು ನಡೆಯುತ್ತಿವೆಯೆಂಬುದನ್ನು ಅಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ನನ್ನ ಹೆಸರಿನಲ್ಲಿ ಎರಡಿದ್ದವು. ಒಂದು ನನ್ನದು, ಇನ್ನೊಂದು ನಾನೆಂದೂ ಕಾಣದುದು.

ಆಗ ನೆನಪಾಯಿತು. ಹಿಂದಿನ ವರ್ಷ ಬಸ್ ನಿಲ್ದಾಣದ ಬಳಿ ದೊಡ್ಡ ಛತ್ರಿಯ ಕೆಳಗೆ ಕುಳಿತಿದ್ದ ಯುವಕನೊಬ್ಬನಿಂದ ಹೊಸ ಸಿಮ್ ಕೊಂಡಿದ್ದೆನು. ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿದವನು, “ಸಾರ್, ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಒತ್ತಿ” ಎಂದನು. ಒತ್ತಿದೆನು. ಮೊದಲನೆಯ ಒತ್ತಿಗೆ ನನ್ನ ಸಿಮ್, ಎರಡನೆಯ ಒತ್ತಿಗೆ ಕಳ್ಳನ ಸಿಮ್. ಆಧಾರ್ ಪತ್ರದ ಜೊತೆಗೆ ಪ್ಯಾನ್ ಪತ್ರದ ನಕಲನ್ನೂ ಕೇಳಿದನು. ಸಿಮ್ ಕೊಳ್ಳುವುದಕ್ಕೆ ಅದು ಏತಕ್ಕೆಂದು ವಿಚಾರಿಸದೆ ಕೊಟ್ಟೆನು. ಇನ್ನೇನು ಉಳಿಯಿತು? ಗುಪ್ತ ಸಂಖ್ಯೆಯನ್ನು, ಎಂದರೆ ಓಟಿಪಿಯನ್ನು, ತರಿಸಿಕೊಳ್ಳಲು ಫೋನು, ಸಾಲಗಾರನ ಗುರುತಿಗೆ ಪ್ಯಾನ್, ಸಹಿಯುಳ್ಳ ನಕಲು. ಉಂಗುರ ಪೂರ್ತಿಯಾಗಿ ಅವನ ಕೈ ಸೇರಿತ್ತು.

ಹೀಗೆ ಕಳೆದ ಹೆಸರನ್ನು ಮರಳಿ ಪಡೆಯುವ ಕ್ರಮವನ್ನು, ನಾನು ನಡೆದ ದಾರಿಯಲ್ಲಿಯೇ ಹೇಳುತ್ತೇನೆ.

ಮೊದಲನೆಯದಾಗಿ, ಕಳವನ್ನು ಸಾರಿ ಹೇಳಬೇಕು, ಅದೂ ವಿಳಂಬವಿಲ್ಲದೆ. ಖಾತೆಯಿಂದ ಹಣ ಹೋದುದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ಬೇಗ ತಿಳಿಸಿದರೆ, ಕೈಯಿಂದ ಕೈಗೆ ಸಾಗುತ್ತಿರುವ ಹಣವನ್ನು ನಡುವೆಯೇ ತಡೆಹಿಡಿಯಲು ಅವಕಾಶವುಂಟು. ಕೇಂದ್ರ ಗೃಹ ಇಲಾಖೆಯ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರನ್ನು ದಾಖಲಿಸಬಹುದು. ಅಲ್ಲಿ ಕೊಡುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರನ್ನು ಕೊಡತಕ್ಕದ್ದು. ಅಪರಾಧ ನಡೆದ ಊರು ಬೇರೆ ಎಂಬ ಕಾರಣಕ್ಕೆ ಠಾಣೆಯವರು ಹಿಂದಕ್ಕೆ ಕಳುಹಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧ ಎಲ್ಲಿಯೇ ನಡೆದಿದ್ದರೂ ದೂರನ್ನು ಬರೆದುಕೊಳ್ಳಬೇಕೆಂದು ಹೇಳುತ್ತದೆ. ಮತ್ತೊಬ್ಬನ ಗುರುತನ್ನು ಕಪಟದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಉಂಟು.

ಎರಡನೆಯದಾಗಿ, ಬ್ಯಾಂಕಿಗೆ ಬರೆದು ತಿಳಿಸತಕ್ಕದ್ದು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಈ ವಿಷಯವಾಗಿ ಸ್ಪಷ್ಟವಾದ ನಿಯಮವನ್ನು ವಿಧಿಸಿತು. ತಪ್ಪು ಖಾತೆದಾರನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ಪ್ರಸಂಗದಲ್ಲಿ, ಬ್ಯಾಂಕಿನಿಂದ ಸಮಾಚಾರ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನಗಳಾದರೆ ಒಂದು ಮಿತಿಯವರೆಗೆ ಹೊಣೆ. ಅದನ್ನು ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ. ತಾನೇ ಗುಪ್ತ ಸಂಖ್ಯೆಯನ್ನು ಪರರಿಗೆ ಹೇಳಿ ಕೆಟ್ಟವನು, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕು. ತಿಳಿಸಿದ ಮೇಲೆ ಆಗುವ ನಷ್ಟ ಅವನದಲ್ಲ. ಆದುದರಿಂದ ತಪ್ಪು ಯಾರದೇ ಆಗಿರಲಿ, ಮೊದಲ ಗಳಿಗೆಯಲ್ಲಿಯೇ ತಿಳಿಸುವುದರಿಂದ ಲಾಭವೇ ಹೊರತು ನಷ್ಟವಿಲ್ಲ. ನಾನು ಮೂರು ದಿನ ಮೌನವಾಗಿದ್ದೆನಲ್ಲ, ಖಾತೆಯಿಂದ ಹಣ ಹೋಗಿದ್ದ ಪಕ್ಷದಲ್ಲಿ ಆ ಮೌನಕ್ಕೇ ದಂಡ ತೆರಬೇಕಾಗುತ್ತಿತ್ತು.

ಮೂರನೆಯದಾಗಿ, ಸಾಲದ ಚರಿತ್ರೆಯನ್ನು ತರಿಸಿ ನೋಡತಕ್ಕದ್ದು. ಯಾರು ಎಲ್ಲಿ ಎಷ್ಟು ಸಾಲ ಮಾಡಿ ಹೇಗೆ ತೀರಿಸಿದರೆಂಬುದನ್ನು ಬರೆದಿಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ: ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. 2017ರ ಜನವರಿಯಿಂದ ಪ್ರತಿಯೊಂದು ಸಂಸ್ಥೆಯೂ ಕೇಳಿದವನಿಗೆ ವರ್ಷಕ್ಕೊಂದು ಬಾರಿ ಪೂರ್ಣವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಮೂರು ತಿಂಗಳಿಗೊಂದರಂತೆ ಸರದಿಯಾಗಿ ತರಿಸಿದರೆ ವರ್ಷವಿಡೀ ಕಾವಲಿಟ್ಟಂತಾಗುವುದು. ಮಾಡದ ಸಾಲ ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟವರಿಗೂ ಆಕ್ಷೇಪಣೆಯನ್ನು ಬರೆಯತಕ್ಕದ್ದು. ಮೂವತ್ತು ದಿನಗಳೊಳಗೆ ಅದನ್ನು ತೀರ್ಮಾನಿಸದಿದ್ದರೆ ಆಮೇಲಿನ ದಿನವೊಂದಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವನ್ನು 2023ರ ಅಕ್ಟೋಬರಿನಲ್ಲಿ ಪ್ರಕಟಿಸಿ 2024ರ ಏಪ್ರಿಲಿನಿಂದ ಜಾರಿಗೆ ತಂದರು. ಮೂವತ್ತು ದಿನಗಳಾದರೂ ಬ್ಯಾಂಕಿನವರು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಮೊರೆಯಿಡಬಹುದು, ಅದಕ್ಕೆ ಶುಲ್ಕವಿಲ್ಲ.

ನಾಲ್ಕನೆಯದು ನನ್ನ ಪಾಲಿಗೆ ಬಹಳ ಮುಖ್ಯವಾಯಿತು. ಸಾಲ ಕೊಟ್ಟವರಿಂದ, ‘ನಾನು’ ಕೊಟ್ಟೆನೆಂಬ ಅರ್ಜಿಯ ನಕಲನ್ನು ಬರೆದು ಕೇಳಿದೆನು. ಮೊದಲು ಕೊಡಲಿಲ್ಲ, ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಿ ಮತ್ತೆರಡು ಬಾರಿ ಬರೆದ ಮೇಲೆ ಕೊಟ್ಟರು. ಅದರಲ್ಲಿದ್ದ ಭಾವಚಿತ್ರ ಕಪ್ಪು ಕೂದಲಿನ ತರುಣನದು, ಫೋನಿನ ಸಂಖ್ಯೆ ನಾನು ಕಾಣದುದು, ಸಹಿ ಇಂಗ್ಲಿಷಿನಲ್ಲಿ. ಮೂವತ್ತೈದು ವರ್ಷ ಶಾಲೆಯ ಹಾಜರಿ ಪುಸ್ತಕದಲ್ಲಿ ಕನ್ನಡದಲ್ಲಿಯೇ ಸಹಿ ಹಾಕಿದವನು ನಾನು. ಕಳ್ಳನು ನನ್ನ ಮುದ್ರೆಯನ್ನು ಕದ್ದಿದ್ದನು. ನನ್ನ ಕೈಯನ್ನು ಕದಿಯಲಾಗಿರಲಿಲ್ಲ. ಆ ಒಂದು ಹಾಳೆಯೇ ನನ್ನ ಪಕ್ಷದ ಸಾಕ್ಷಿಯಾಯಿತು.

ಈ ನಡುವೆ ವಸೂಲಿಯವರ ಫೋನುಗಳು ಬಾರದೆ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಮುಂಚೆಯಾಗಲಿ ಸಂಜೆ ಏಳರ ಮೇಲಾಗಲಿ ಅವರು ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಹೇಳಿತ್ತೆಂಬುದನ್ನು ನೆನಪಿಸಿದಾಗ ಉಪಟಳ ಕಡಮೆಯಾಯಿತು. ಅವರಲ್ಲೊಬ್ಬನು, “ಐದು ಸಾವಿರ ಕಟ್ಟಿಬಿಡಿ, ಉಳಿದುದನ್ನು ಬಿಡಿಸುತ್ತೇನೆ” ಎಂದನು. ಮರ್ಯಾದೆಗಂಜಿ ಕಟ್ಟಿಬಿಡೋಣವೆಂದು ನನಗೂ ಒಮ್ಮೆ ತೋರಿತು. ಹಾಗೆ ಮಾಡಬಾರದು. ಮಾಡದ ಸಾಲಕ್ಕೆ ಒಂದು ಕಾಸನ್ನು ಕಟ್ಟಿದರೂ ಸಾಲವನ್ನು ಒಪ್ಪಿಕೊಂಡಂತೆ ಅರ್ಥವಾದೀತು. ಐದನೆಯ ತಿಂಗಳಲ್ಲಿ ಎರಡು ಸಾಲಗಳೂ ನನ್ನವಲ್ಲವೆಂದು ಬರೆದು ಕೊಟ್ಟರು. ಸಾಲದ ಚರಿತ್ರೆಯಿಂದಲೂ ಅವು ಅಳಿಸಿಹೋದವು. ಕಳ್ಳನು ಸಿಕ್ಕಲಿಲ್ಲ. ಹೆಸರು ಸಿಕ್ಕಿತು.

ಇನ್ನು ರಕ್ಷಣೆಯ ಮಾತು. ಬಂದ ರೋಗಕ್ಕೆ ಔಷಧವನ್ನು ಹುಡುಕುವುದಕ್ಕಿಂತ ಪಥ್ಯದಲ್ಲಿರುವುದು ಲೇಸು.

ಆಧಾರ್ ಪತ್ರದ ನಕಲನ್ನು ಕೊಡಲೇಬೇಕಾದಾಗ, ಮೊದಲ ಎಂಟು ಅಂಕಿಗಳು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿಯನ್ನು ಕೊಡತಕ್ಕದ್ದು. ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಪಡೆಯಬಹುದು. ಯಾವ ನಕಲನ್ನು ಕೊಟ್ಟರೂ, ‘ಇಂಥ ಕೆಲಸಕ್ಕೆ ಮಾತ್ರ’ ಎಂದು ದಿನಾಂಕದೊಡನೆ ಅಡ್ಡಲಾಗಿ ಬರೆದು, ಬರಹದ ಮೇಲೆಯೇ ಸಹಿ ಹಾಕಬೇಕು. ನಕಲು ತೆಗೆಯುವ ಅಂಗಡಿಯಲ್ಲಿ ಕೆಟ್ಟುಹೋದ ಹಾಳೆಯನ್ನು ಬಿಟ್ಟುಬರಕೂಡದು.

ಹೆಬ್ಬೆರಳಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳ ಗುರುತು ಇಷ್ಟಿದ್ದರೆ ಹಳ್ಳಿಯ ಸೇವಾಕೇಂದ್ರದ ಯಂತ್ರದಿಂದ ಹಣ ತೆಗೆಯುವ ಏರ್ಪಾಡುಂಟು. ಅದಕ್ಕೆ ಗುಪ್ತ ಸಂಖ್ಯೆ ಬೇಡ. ಬ್ಯಾಂಕಿಗೆ ದೂರವಾದ ವೃದ್ಧರಿಗೆ ಇದು ಉಪಕಾರಿ. ಆದರೆ ಆಸ್ತಿಯ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳಿಂದ ಕೃತಕ ಬೆರಳನ್ನು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ಕರ್ನಾಟಕದಲ್ಲಿಯೂ ವರದಿಯಾದವು. ಗುಪ್ತ ಸಂಖ್ಯೆಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೆ? ಆದುದರಿಂದ ಆಧಾರ್‌ನಲ್ಲಿ ಬೆರಳ ಗುರುತಿಗೆ ಬೀಗ ಹಾಕುವ ಸೌಲಭ್ಯವನ್ನು ಉಪಯೋಗಿಸತಕ್ಕದ್ದು. ಬೇಕಾದಾಗ ನಾವೇ ತೆರೆಯಬಹುದು. ಒಂದು ಮಾತು ನೆನಪಿರಲಿ: ಬೀಗ ಹಾಕಿರುವಾಗ ಪಡಿತರದ ಅಂಗಡಿಯಲ್ಲಿ ನಮ್ಮ ಬೆರಳೂ ನಡೆಯದು, ಹೋಗುವ ಮುನ್ನ ತೆರೆದು, ಬಂದ ಮೇಲೆ ಮುಚ್ಚಬೇಕು. ಯಂತ್ರದ ಮೇಲೆ ಎರಡನೆಯ ಬಾರಿ ಬೆರಳೊತ್ತೆಂದವನನ್ನು, ಮೊದಲನೆಯದು ಏನಾಯಿತೆಂದು ಕೇಳಿಯೇ ಒತ್ತಬೇಕು. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಪಟ್ಟಿಯನ್ನೂ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಸಂದೇಹವಿದ್ದರೆ 1947ಕ್ಕೆ ಫೋನು ಮಾಡಬಹುದು.

ಫೋನು ಇದ್ದಕ್ಕಿದ್ದಂತೆ ಸ್ತಬ್ಧವಾಗಿ ಗಂಟೆಗಟ್ಟಲೆ ಸಂಪರ್ಕ ಬಾರದಿದ್ದರೆ, ಯಾರೋ ನಮ್ಮ ಸಂಖ್ಯೆಗೆ ಬೇರೆ ಸಿಮ್ ಪಡೆದಿರಬಹುದೆಂದು ಶಂಕಿಸಿ ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸತಕ್ಕದ್ದು. ಹಳೆಯ ಸಂಖ್ಯೆಯನ್ನು ಬಿಡುವ ಮುನ್ನ ಬ್ಯಾಂಕಿನಲ್ಲಿಯೂ ಆಧಾರ್‌ನಲ್ಲಿಯೂ ಹೊಸದನ್ನು ಬರೆಯಿಸಬೇಕು. ಬಿಟ್ಟ ಸಂಖ್ಯೆಯನ್ನು 90 ದಿನಗಳಾದ ಮೇಲೆ ಬೇರೊಬ್ಬನಿಗೆ ಕೊಡಬಹುದು. ಬ್ಯಾಂಕಿನವನೆಂದೋ ಪೊಲೀಸಿನವನೆಂದೋ ಹೇಳಿಕೊಂಡು ಗುಪ್ತ ಸಂಖ್ಯೆಯನ್ನು ಕೇಳುವವನು ಯಾರೇ ಆಗಲಿ ಕಳ್ಳನೆಂದೇ ನಿಶ್ಚಯಿಸತಕ್ಕದ್ದು. ಆದಾಯ ತೆರಿಗೆ ಇಲಾಖೆಯವರು ಪ್ರತಿಯೊಬ್ಬರಿಗೂ ಇಟ್ಟಿರುವ ವಾರ್ಷಿಕ ವಿವರಪಟ್ಟಿಯನ್ನು ವರ್ಷಕ್ಕೊಮ್ಮೆ ನೋಡಿದರೆ, ನಮ್ಮ ಪ್ಯಾನ್ ಹೆಸರಿನಲ್ಲಿ ಕಾಣದ ವ್ಯವಹಾರ ನಡೆದಿದ್ದರೆ ಬಯಲಾದೀತು.

ನಮ್ಮ ನಾಡಿನ ಹಿರಿಯರೊಬ್ಬರನ್ನು ಇಲ್ಲಿ ಸ್ಮರಿಸುವುದು ಉಚಿತ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು, ಮನುಷ್ಯನ ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಹಕ್ಕನ್ನು ನ್ಯಾಯಾಲಯ ಕೊಟ್ಟಿದೆ. ಅದನ್ನು ದಿನದಿನವೂ ಕಾಯಬೇಕಾದವರು ನಾವು. ಎಂಬತ್ತರ ಮೇಲೆ ಅವರಿಗೆ ಬೇಸರವಾಗದಿದ್ದರೆ, ವರ್ಷಕ್ಕೆ ನಾಲ್ಕು ಬಾರಿ ಒಂದು ವರದಿಯನ್ನು ನೋಡಲು ನಮಗೆ ಬೇಸರವೇಕೆ?

ಕಡೆಗೆ ಒಂದು ಮಾತು. ಮೋಸಹೋದವನು ನಾಚಿ ಮೌನವಾಗಿರುವುದೇ ಕಳ್ಳನಿಗೆ ದೊಡ್ಡ ಸಹಾಯ. ಓದಿದವರಿಗೆ ಈ ನಾಚಿಕೆ ಹೆಚ್ಚು, ನನಗೂ ಇತ್ತು. ಮನೆಯಲ್ಲಿ ಹಿರಿಯರು ಇಂಥ ವಿಷಯವನ್ನು ತಂದಾಗ, “ಅಷ್ಟೂ ತಿಳಿಯಲಿಲ್ಲವೆ?” ಎಂದು ಕಿರಿಯರು ಅನ್ನದಿರಲಿ. ಕಿರಿಯರ ಮೇಲೆ ಸಂದೇಹ ಬಂದಾಗ ಹಿರಿಯರು ಮಾತು ನಿಲ್ಲಿಸದಿರಲಿ, ಕೇಳಿಬಿಡಲಿ. ಸಾಲಗಳು ಅಳಿಸಿಹೋದ ಪತ್ರ ಬಂದ ದಿನ ನಾನು ನನ್ನ ತಮ್ಮನ ಮಗನನ್ನು ಕರೆದು, ಅವನ ಮೇಲೆ ಪಟ್ಟ ಸಂಶಯವನ್ನು ಬಾಯಿಬಿಟ್ಟು ಹೇಳಿ, “ತಪ್ಪಾಯಿತಪ್ಪ” ಎಂದೆನು. ಅವನು, “ಆ ದಿನಗಳಲ್ಲಿ ನನಗೆ ಗೊತ್ತಾಗಿತ್ತು ದೊಡ್ಡಪ್ಪ. ನೀವೇ ಕೇಳುತ್ತೀರಿ ಅಂತ ಕಾದೆ” ಎಂದನು. ಐದು ತಿಂಗಳಲ್ಲಿ ನಾನು ಬರೆದ ಅರ್ಜಿಗಳೆಲ್ಲ ಕಟ್ಟಾಗಿ ಪೆಟ್ಟಿಗೆಯಲ್ಲಿವೆ. ಆ ಪೆಟ್ಟಿಗೆಯ ಬೀಗದ ಕೈಯನ್ನು ಈಗ ಅವನ ಬಳಿಯಲ್ಲಿಯೇ ಇಟ್ಟಿದ್ದೇನೆ.